ಹಸಿದ ಯೀಸ್ಟು, ಹಸಿದ ತಮ್ಮ

ಲ್ಯಾಬಿನಲ್ಲಿ ಅವಳಿಗೆ ಸಿಡಿಮಿಡಿ ಮೇಡಂ ಎಂದು ಹೆಸರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ. ಇನ್‌ಕ್ಯುಬೇಟರಿನ ಬಾಗಿಲು ಸರಿಯಾಗಿ ಹಾಕದೆ ಹೋದವನ ಏಳು ತಲೆಮಾರನ್ನೂ ಜಾಲಾಡಿಬಿಡುತ್ತಾಳೆ. ಆದರೆ ಯಾರ ಪ್ರಯೋಗ ಕೈಕೊಟ್ಟರೂ ಅವರು ಮೊದಲು ಓಡುವುದು ಅವಳ ಟೇಬಲ್ಲಿಗೇ. ಬೈದುಕೊಂಡೇ ಸರಿಮಾಡಿಕೊಡುತ್ತಾಳೆ. ಹಾಳು ಬಾಯಿ, ಒಳ್ಳೆ ಕೈ ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ.

ಅವಳ ಕೆಲಸ ಯೀಸ್ಟಿನ ಜೊತೆ, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಅದೇ ಯೀಸ್ಟು. ಒಂದೇ ಕೋಶದ ಜೀವ. ಮೂಗಿಲ್ಲ, ನಾಲಿಗೆಯಿಲ್ಲ, ಆದರೂ ಸುತ್ತ ಸಕ್ಕರೆ ಇದೆಯೋ ಇಲ್ಲವೋ ಎಂದು ಅದಕ್ಕೆ ಗೊತ್ತಾಗುತ್ತದೆ. ಇದ್ದರೆ ‘ಬೆಳೆ’ ಎಂದು ಒಳಗಿನಿಂದಲೇ ಅಪ್ಪಣೆಯಾಗುತ್ತದೆ, ಇಲ್ಲದಿದ್ದರೆ ‘ಬಾಗಿಲು ಹಾಕಿಕೊಂಡು ತೆಪ್ಪಗಿರು’ ಎಂದು. ಈ ಅಪ್ಪಣೆ ಕೊಡುವ ಪ್ರೋಟೀನುಗಳಲ್ಲಿ ಕೆಲವು ಮನುಷ್ಯನ ಕೋಶದಲ್ಲೂ ಹೆಚ್ಚುಕಡಿಮೆ ಹಾಗೇ ಇವೆ. ಅಲ್ಲಿ ‘ಬೆಳೆ’ ಎನ್ನುವ ಅಪ್ಪಣೆ ನಿಲ್ಲದೇ ಹೋದರೆ ಗೆಡ್ಡೆ ಬೆಳೆಯುತ್ತದೆ, ಬೇರೆ ಬೇರೆ ಕಾಯಿಲೆಗಳಿಗೂ ದಾರಿಯಾಗುತ್ತದೆ. ಯೀಸ್ಟಿನಲ್ಲಿ ನೋಡಿ ಮನುಷ್ಯನಲ್ಲಿ ಹುಡುಕುವುದು, ಇದೇ ಆ ಲ್ಯಾಬಿನವರ ಕಸುಬು.

ಅವಳು ಈ ಕಸುಬಿಗೆ ಬಿದ್ದದ್ದು ತಮ್ಮನಿಂದ. ಅವನಿಗೆ ಚಿಕ್ಕಂದಿನಿಂದಲೇ ಸಕ್ಕರೆ ಕಾಯಿಲೆ. ಮೈಯಲ್ಲಿ ಇನ್ಸುಲಿನ್ನೇ ಹುಟ್ಟದ ಜಾತಿಯದು, ಸೂಜಿ ಬಿಟ್ಟರೆ ಬದುಕಿಲ್ಲ. ದೊಡ್ಡವನಾಗಿ ಟೈಲರ್ ಆದ. ಅಕ್ಕ ತನಗಾಗಿಯೇ ಔಷಧಿ ಕಂಡುಹಿಡಿಯುತ್ತಿದ್ದಾಳೆ ಎಂದು ಅವನ ನಂಬಿಕೆ. ಅಂಗಡಿಗೆ ಬಂದವರ ಅಳತೆ ತೆಗೆಯುವಷ್ಟರಲ್ಲಿ ಅಕ್ಕನ ಕಥೆಯನ್ನೂ ಅವರ ಕಿವಿಗೆ ಹಾಕಿಯೇ ಕಳಿಸುತ್ತಿದ್ದ. “ನಿನ್ನ ಕಾಯಿಲೆಗೂ ನನ್ನ ಯೀಸ್ಟಿಗೂ ನೇರ ಸಂಬಂಧ ಇಲ್ಲ ಕಣೋ” ಎಂದು ಅವಳು ಎಷ್ಟು ಸಲ ಗದರಿದರೂ ಅದು ಅವನ ತಲೆಗೆ ಹೋಗುತ್ತಿರಲಿಲ್ಲ.

ಆ ವರ್ಷ ಲ್ಯಾಬಿನಲ್ಲಿ ದೊಡ್ಡ ಸಂಭ್ರಮ. ಸಕ್ಕರೆ ಕಡಿಮೆ ಹಾಕಿದ ಫ್ಲಾಸ್ಕಿನ ಯೀಸ್ಟು ಹೊಟ್ಟೆತುಂಬ ತಿಂದ ಯೀಸ್ಟಿಗಿಂತ ಎಷ್ಟೋ ಹೆಚ್ಚು ಕಾಲ ಬದುಕಿತ್ತು. ಅದನ್ನು ಬರೆದ ಸಂಶೋಧನಾ ಪೇಪರು ಅಚ್ಚಿಗೆ ಹೋಗುವುದರಲ್ಲಿತ್ತು, ಲ್ಯಾಬಿನ ಮುಖ್ಯಸ್ಥ ಪ್ರೊಫೆಸರರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೆ ಅವಳಿಗೆ ಒಂದು ಅನುಮಾನ. ಸಕ್ಕರೆ ತಿಂದ ಯೀಸ್ಟು ವಿನೆಗರಿನ ಹುಳಿಯನ್ನು ಹೊರಕ್ಕೆ ಬಿಡುತ್ತದೆ. ಮುಚ್ಚಿದ ಫ್ಲಾಸ್ಕಿನಲ್ಲಿ ಆ ಹುಳಿ ಎಲ್ಲಿಗೆ ಹೋಗಬೇಕು? ತಾನು ಬಿಟ್ಟ ಹುಳಿಯಲ್ಲಿ ತಾನೇ ಸಾಯುತ್ತದೆ. ಹಸಿದದ್ದು ಬದುಕಿದ್ದು ಹಸಿವಿನಿಂದಲೋ, ಹುಳಿ ಇಲ್ಲದ್ದರಿಂದಲೋ? ಹುಳಿ ಏರದಂತೆ ತಡೆಯುವ ಉಪ್ಪು ಹಾಕಿ ಅವಳು ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಿದಳು. ಹೊಟ್ಟೆತುಂಬ ತಿಂದ ಯೀಸ್ಟೂ ಹೆಚ್ಚುಕಡಿಮೆ ಅಷ್ಟೇ ಕಾಲ ಗಟ್ಟಿಯಾಗಿ ಬದುಕಿತು. ಸಂಭ್ರಮವೆಲ್ಲ ಹುಳಿಯ ಮಹಿಮೆ!

ಪ್ರೊಫೆಸರ್ ಕನ್ನಡಕ ಏರಿಸಿ ನೋಡಿದರು. “ಚೆನ್ನಾಗಿದೆಯಮ್ಮ. ಇದನ್ನ ಮುಂದಿನ ಪೇಪರಿಗೆ ಇಟ್ಕೊಳ್ಳೋಣ.”

“ಮುಂದಿನದಕ್ಕಾ? ಸಾರ್, ಈಗಿನದೇ ಬಿದ್ದುಹೋಗುತ್ತಲ್ಲ!”

“ಎಲ್ಲಾ ಎಲ್ಲಿ ಬೀಳುತ್ತೆ? ಸ್ವಲ್ಪ ಅಲ್ಲಾಡುತ್ತೆ ಅಷ್ಟೆ.”

ಮೈಯೆಲ್ಲ ಉರಿದುಹೋಯಿತು. ಕೂಗಾಡಿದಳು, ಬಾಗಿಲು ದಢಾರೆಂದು ಹಾಕಿ ಬಂದಳು. ಆಮೇಲೆ ಸುಮ್ಮನಾದಳು. ಯೀಸ್ಟು ತಾನೇ, ಯಾರ ಮನೆ ಮುಳುಗುತ್ತದೆ ಎಂದುಕೊಂಡಳು. ದಿನಪತ್ರಿಕೆಯವರು ಬಂದ ದಿನ ಫ್ಲಾಸ್ಕು ಹಿಡಿದು ನಿಂತುಕೊಳ್ಳಿ ಎಂದರು, ನಿಂತಳು. ಸ್ವಲ್ಪ ನಗಿ ಮೇಡಂ ಎಂದರು. ಜನ್ಮದಲ್ಲಿ ಯಾರ ಮಾತಿಗೂ ನಗದವಳು ಅವತ್ತು ನಕ್ಕಳು. ಮಾರನೆಯ ದಿನ ಆ ನಗುವಿನ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು: ‘ಕಡಿಮೆ ತಿಂದರೆ ಕಾಯಿಲೆ ಓಡುತ್ತದೆ, ಯೀಸ್ಟು ಕಲಿಸಿದ ಪಾಠ.’

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ತಮ್ಮನ ಹೆಂಡತಿಯ ಫೋನು ಬಂತು. ಅವಳು ಮೈಮೇಲಿನ ಬಿಳಿ ಕೋಟನ್ನೂ ತೆಗೆಯದೆ ಆಸ್ಪತ್ರೆಗೆ ಓಡಿದಳು. ತಮ್ಮ ತೀವ್ರ ನಿಗಾ ಕೋಣೆಯಲ್ಲಿದ್ದ. ಎದೆ ಏದುಸಿರಿನಲ್ಲಿ ಏರಿಳಿಯುತ್ತಿತ್ತು, ತುಟಿ ಒಣಗಿ ಬಿರಿದಿತ್ತು.

“ಇನ್ಸುಲಿನ್ ಬಿಟ್ಟಿದ್ದಾರೆ. ರಕ್ತ ಹುಳಿಯಾಗಿಬಿಟ್ಟಿದೆ. ಈಗಲೇ ಏನೂ ಹೇಳಕ್ಕಾಗಲ್ಲ” ಎಂದರು ಡಾಕ್ಟರು.

ಹುಳಿ ಎನ್ನುವ ಮಾತಿನ ಅರ್ಥವನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇನ್ಸುಲಿನ್ ಇಲ್ಲದ ಮೈಗೆ ರಕ್ತದ ತುಂಬ ಸಕ್ಕರೆ ಇದ್ದರೂ ಹಸಿವೇ. ಅದು ತನ್ನ ಕೊಬ್ಬನ್ನೇ ಕರಗಿಸಿ, ಅದರಿಂದ ಹುಟ್ಟುವ ಹುಳಿಯಲ್ಲಿ ತಾನೇ ಮುಳುಗುತ್ತದೆ. ಅವಳ ಫ್ಲಾಸ್ಕಿನಲ್ಲಿ ಹುಳಿ ಕಟ್ಟಿದ್ದು ತಿಂದದ್ದಕ್ಕೆ, ತಮ್ಮನ ಮೈಯಲ್ಲಿ ಕಟ್ಟಿದ್ದು ಸೂಜಿ ಬಿಟ್ಟದ್ದಕ್ಕೆ.

ಹೊರಗಿನ ಬೆಂಚಿನಲ್ಲಿ ತಮ್ಮನ ಹೆಂಡತಿ ಸೆರಗು ಹಿಂಡುತ್ತ ಹೇಳಿದಳು: “ಪೇಪರಲ್ಲಿ ನಿಮ್ಮ ಫೋಟೋ ಬಂದಾಗಿಂದ ಊಟ ಅರ್ಧಕ್ಕಿಳಿಸಿದ್ರು ಅತ್ತಿಗೆ. ಆಮೇಲೆ, ತಿನ್ನೋದೇ ಇಲ್ಲ ಅಂದ್ಮೇಲೆ ಸೂಜಿ ಯಾಕೆ ಅಂತ ಅದನ್ನೂ ಒಂದೊಂದೇ ಕಡಿಮೆ ಮಾಡಿದ್ರು. ಬೇಡಾರೀ ಅಂದ್ರೆ, ಅಕ್ಕನ ಲ್ಯಾಬಿಂದ ಬಂದಿರೋದು, ನಿನಗೇನು ಗೊತ್ತು ಅಂದ್ರು.”

“ನನಗೊಂದು ಫೋನ್ ಮಾಡೋಕೇನಾಗಿತ್ತು ನಿಂಗೆ?”

“ಹುಷಾರಾದ್ಮೇಲೆ ಅಕ್ಕನಿಗೆ ತೋರಿಸ್ತೀನಿ, ಅಲ್ಲೀವರೆಗೂ ಬಾಯಿ ಬಿಡಬೇಡ ಅಂದಿದ್ರು.”

ತಮ್ಮನ ಜೀವ ಉಳಿಯಿತು. ವಾರ್ಡಿಗೆ ತಂದರು. ಅವನು ಕಣ್ಣು ಬಿಟ್ಟ ಮೇಲೆ ಅವಳ ಸಿಟ್ಟಿಗೂ ಜೀವ ಬಂತು. ನೆಟ್ಟಗೆ ಪ್ರೊಫೆಸರರ ಕೋಣೆಗೆ ನುಗ್ಗಿ ಎಲ್ಲವನ್ನೂ ಅವರ ಮುಖಕ್ಕೇ ಹೇಳಿದಳು.

“ಅಯ್ಯೋ... ಆದ್ರೆ ಉಪವಾಸ ಇರಿ ಅಂತ ನಾನೆಲ್ಲಿ ಹೇಳಿದೆ? ಸೂಚನೆ ಇದೆ ಅಂದೆ ಅಷ್ಟೆ. ಬರೆಯೋರು ಬರ್ಕೊಂಡ್ರು.”

“ಬರ್ಕೊಂಡ್ರು. ನೀವು ಆ ಪೇಪರನ್ನ ಫ್ರೇಮ್ ಹಾಕಿಸಿ ಗೋಡೆಗೆ ಹೊಡೆಸಿದ್ರಿ! ನಿಮ್ಮ ‘ಅಷ್ಟೆ’ ಅಲ್ಲಿ ಮಂಚದ ಮೇಲೆ ಮಲಗಿದೆ. ಏಳಿ ಸಾರ್, ನಡೀರಿ. ಏನು ಹೇಳ್ತೀರೋ ಅವನ ಮುಂದೆ ಬಂದು ಹೇಳಿ.”

ಪಾಪ, ಅವರೇನು ರಾಕ್ಷಸರಲ್ಲ. ಎದ್ದು ಬಂದರು. ಅದೇ ಅವಳಿಗೆ ಇನ್ನೂ ಸಿಟ್ಟು ತರಿಸಿತು. ಜಗಳಕ್ಕೆ ನಿಂತಿದ್ದರೆ ಮನಸಾರೆ ಬೈಯಬಹುದಿತ್ತು.

ವಾರ್ಡಿನಲ್ಲಿ ಅವರನ್ನು ಕಂಡದ್ದೇ ತಮ್ಮ ತಲೆದಿಂಬು ಹಿಡಿದು ಎದ್ದು ಕೂರಲು ನೋಡಿದ. ಕೈಮುಗಿದ.

“ಸಾರ್, ನಾನು ಎಲ್ಲಿ ತಪ್ಪಿದೆ? ನೀವು ಹೇಳಿದ ಹಾಗೇ ಮಾಡ್ದೆ. ಇನ್ನೂ ನಿಧಾನವಾಗಿ ಇಳಿಸಬೇಕಿತ್ತಾ?”

ಪ್ರೊಫೆಸರ್ ಗಂಟಲು ಸರಿಮಾಡಿಕೊಂಡರು. “ನೋಡಪ್ಪಾ, ವಿಷಯ ಸ್ವಲ್ಪ ಜಟಿಲ. ಎಲ್ಲರಿಗೂ ಒಂದೇ ಥರ ಅಲ್ಲ. ಇನ್ನೂ ಸಂಶೋಧನೆ ನಡೀತಾ ಇದೆ...” ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ಅವರದು ಎತ್ತಿದ ಕೈ.

ತಮ್ಮ ಭಕ್ತಿಯಿಂದ ತಲೆಯಾಡಿಸಿದ. “ಗೊತ್ತಾಯ್ತು ಸಾರ್. ಮುಂದಿನ ಸಲ ಸರಿಯಾಗಿ ಮಾಡ್ತೀನಿ.”

“ಮುಂದಿನ ಸಲಾನಾ?” ಅವಳ ಕೂಗಿಗೆ ವಾರ್ಡೆಲ್ಲ ತಿರುಗಿ ನೋಡಿತು. “ಮುಂದಿನ ಸಲ ಸತ್ತೇಹೋಗ್ತೀಯ ಕಣೋ! ಆ ಪ್ರಯೋಗಾನೇ ತಪ್ಪು. ಹಸಿವಿಂದ ಯಾವ ಕಾಯಿಲೇನೂ ವಾಸಿಯಾಗಿಲ್ಲ, ಯೀಸ್ಟೂ ಅಷ್ಟೊಂದೇನೂ ಬದುಕಿಲ್ಲ. ಹುಳಿ ತಡೆದ್ರೆ ತಿಂದದ್ದೂ ಬದುಕುತ್ತೆ. ನನ್ನ ಕೈಯಾರೆ ಮಾಡಿ ನೋಡಿದೀನಿ.”

ಪ್ರೊಫೆಸರ್ ನೆಲ ನೋಡಿದರು. ತಮ್ಮ ಅವಳನ್ನೇ ನೋಡಿದ.

“ಯಾವಾಗ ಮಾಡಿ ನೋಡಿದೆ?”

ಅವಳು ಸುಳ್ಳು ಹೇಳಬಹುದಿತ್ತು.

“ಪೇಪರಿನವರು ಬರೋದಕ್ಕೆ ಮುಂಚೆ.”

“ಮುಂಚೇನೇ ಗೊತ್ತಿತ್ತಾ?”

ಅವಳು ಅವನ ಹೊದಿಕೆಯ ಅಂಚನ್ನು ಸರಿಮಾಡತೊಡಗಿದಳು.

“ಅವರಿಗೆ ಹೇಳೋಕಾಗದೇ ಇದ್ರೆ ಬಿಡು. ನನಗಾದ್ರೂ ಹೇಳಬಹುದಿತ್ತಲ್ಲ ಅಕ್ಕಾ” ಎಂದ ತಮ್ಮ. ಇಷ್ಟು ವರ್ಷ ಅವಳ ಬೈಗುಳವನ್ನೆಲ್ಲ ನಗುತ್ತ ತಿಂದವನ ದನಿಯಲ್ಲಿ ಅವಳು ಎಂದೂ ಕೇಳದ ಸಿಟ್ಟಿತ್ತು.

ಅಷ್ಟರಲ್ಲಿ ನರ್ಸು ಇನ್ಸುಲಿನ್ ತಂದಳು, ಹಿಂದೆಯೇ ಊಟದ ತಟ್ಟೆ ಬಂತು. ತಮ್ಮ ತೋಳು ಚಾಚಿ ಸೂಜಿ ಚುಚ್ಚಿಸಿಕೊಂಡ. ಅಕ್ಕ ಚಮಚಕ್ಕೆ ಕೈ ಹಾಕಿದಳು. ಅವನು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಅವಳಿಗೆ ಬೆನ್ನು ಮಾಡಿ, ತಾನೇ ತಿನ್ನತೊಡಗಿದ.