ಅಮೀನಪ್ಪ ಕಾಕಾನ ಬ್ಯಾಟರಿ ಪರೀಕ್ಷೆ

ನನ್ನ ಅಕ್ಷರ ದುಂಡಗಿಲ್ಲ, ಎಂಟನೇ ತರಗತಿಗೇ ಶಾಲೆ ಬಿಟ್ಟವಳ ಮಾತೂ ಅಷ್ಟಕ್ಕಷ್ಟೆ. ತಪ್ಪಿದ್ದರೆ ಮನ್ನಿಸಿ ಓದಬೇಕು. ಇಳಕಲ್ಲಿನ ನಮ್ಮ ಓಣಿಯಲ್ಲಿ ಫೋನ್ ರಿಪೇರಿ ಮಾಡುವ ಅಮೀನಪ್ಪ ಕಾಕಾ ಮೊದಲು ಸೀರೆ ನೇಯುತ್ತಿದ್ದವರು. ಯಾರು ಫೋನ್ ತಂದರೂ ಅವರು ಕನ್ನಡಕ ಒರೆಸಿಕೊಂಡು, ಬ್ಯಾಟರಿ ಬಿಚ್ಚಿ, ಮೇಜಿನ ಗಾಜಿನ ಮೇಲಿಟ್ಟು ಬೆರಳಿನಿಂದ ಬುಗುರಿಯಂತೆ ತಿರುಗಿಸುತ್ತಾರೆ. ಅಲುಗದೆ ಕೂತರೆ ಗಟ್ಟಿಯಿದೆ, ಗರಗರ ತಿರುಗಿದರೆ ಹೊಟ್ಟೆ ಉಬ್ಬಿದೆ ಎಂದರ್ಥ. ಹೊಸ ಫೋನುಗಳ ಬ್ಯಾಟರಿ ಸುಲಭವಾಗಿ ಹೊರಬರುವುದಿಲ್ಲವಾದ್ದರಿಂದ ಇಡೀ ಫೋನನ್ನೇ ತಿರುಗಿಸುತ್ತಾರೆ. "ತಿರಗಾಕತ್ತೈತಿ ನೋಡವಾ, ಇದರದು ಮುಗೀತು. ತಲಿದಿಂಬಿನ ಬುಡಕ ಇಟ್ಕೊಂಡು ಮಲಗಬ್ಯಾಡ, ಇವತ್ತ ಬದಲ ಮಾಡಿಸು" ಎನ್ನುವಾಗ ಅವರಿಗೆ ಯಾರ ಮುಲಾಜೂ ಇಲ್ಲ. ಆದರೆ ಅವರ ಸ್ವಂತ ಬಟನ್ ಫೋನಿನ ಬ್ಯಾಟರಿ ಎಲ್ಲಕ್ಕಿಂತ ಜೋರಾಗಿ ತಿರುಗುತ್ತದೆ. "ಊರಿಗೆಲ್ಲಾ ಬುದ್ಧಿ ಹೇಳ್ತೀರಿ, ನಿಮ್ಮದು ಯಾವಾಗ್ರಿ ಕಾಕಾ?" ಎಂದು ಗಿರಾಕಿಗಳು ಕಿಚಾಯಿಸಿದರೆ, "ಈ ಮಾದರಿದು ಈಗ ಎಲ್ಲೂ ಸಿಗಂಗಿಲ್ಲಪಾ" ಎಂದು ಅದನ್ನೇ ಮೆಲ್ಲಗೆ ಒಳಗಿಟ್ಟು, ಮುಚ್ಚಳ ಬೀಳದಂತೆ ರೇಷ್ಮೆ ನೂಲು ಸುತ್ತುತ್ತಾರೆ. ಮನೆಯ ಮಗ್ಗ ಬಿಚ್ಚುವ ಹಿಂದಿನ ದಿನ ಅವರ ಅವ್ವ ಕೊನೆಯ ಸಲ ನೇಯ್ದ ಸದ್ದು ಆ ಫೋನಿನಲ್ಲಿದೆ. ನಡುವೆ ಒಮ್ಮೆ ಆಕೆ ಕೆಮ್ಮುತ್ತಾಳೆ. ಬೇರೆ ಫೋನಿಗೆ ಇಳಿಸಿಕೊಂಡರೆ ಮಗ್ಗದ ಸದ್ದು ಕೇಳುತ್ತದೆ, ಕೆಮ್ಮು ಕೇಳುವುದಿಲ್ಲವಂತೆ. ಈ ವಾರ ಆ ಫೋನ್ ಮೂರು ಸಲ ತಾನಾಗಿ ಆರಿಹೋಯಿತು. ಗುಡೂರಿನಲ್ಲಿ ನಮ್ಮ ಅಜ್ಜಿಯ ಟ್ರಂಕಿನೊಳಗೆ ಅದೇ ಮಾದರಿಯ ಹಳೆಯ ಫೋನ್ ಒಂದಿದೆ. ನಾಳೆ ಮುಂಜಾನೆ ಹೋಗಿ, ಅದರ ಬ್ಯಾಟರಿಯನ್ನು ನೆಲದ ಮೇಲೆ ತಿರುಗಿಸಿ ನೋಡಿ, ತಿರುಗದಿದ್ದರೆ ತರುತ್ತೇನೆ.