ನಸುಕಿನ ಬೇರು, ಒಂಬತ್ತು ಗಂಟು

ದಾಂಡೇಲಿಯ ಕಾಗದ ಗಿರಣಿಯ ಮೊದಲ ಭೋಂಗಾ ಇನ್ನೂ ಕೂಗಿಲ್ಲ. ಹೈಸ್ಕೂಲಿನ ಹಿಂಬದಿಯ ಕೋಣೆಯಲ್ಲಿ, ಕಿಟಕಿಯ ಕಟ್ಟೆಯ ಮೇಲೆ ಹನ್ನೆರಡು ಗಾಜಿನ ಲೋಟಗಳು ಸಾಲಾಗಿ ಕುಳಿತಿವೆ. ಒಂದೊಂದರ ಬಾಯಿಗೂ ಒಂದೊಂದು ಉಳ್ಳಾಗಡ್ಡಿ. ನಾಲ್ಕು ದಿನದಲ್ಲಿ ನೀರಿಗಿಳಿದ ಬಿಳಿ ಬೇರುಗಳು ಮುದುಕಿಯ ಜಡೆಯಂತೆ ಜೋತಾಡುತ್ತಿವೆ. ಮನೆಯಲ್ಲಿ ಲಿಂಗಪೂಜೆ ಮುಗಿಸಿ ಬಂದ ಶಾಲೆಯ ಕೆಲಸದಾಕೆ ಗುರುಬಸವ್ವನ ಹಣೆಯ ವಿಭೂತಿ ಇನ್ನೂ ಪೂರಾ ಒಣಗಿಲ್ಲ. ಬಾಯಲ್ಲಿ ಯಾವುದೋ ಪದ ಗುನುಗುತ್ತಲೇ ಬ್ಲೇಡು ಹಿಡಿದು, ಒಂದೊಂದು ಬೇರಿನ ತುದಿಯನ್ನಷ್ಟೇ ಕೊಯ್ಯುತ್ತಾಳೆ. ಜೀರಿಗೆ ಕಾಳಿನಷ್ಟು. ಅದಕ್ಕಿಂತ ಹೆಚ್ಚಿಲ್ಲ.

"ಬೇರು ಬೆಳೆಯೂದು ತುದ್ಯಾಗ ರೀ. ನಡುವ ಕೊಯ್ದ್ರ ಏನೂ ಕಾಣೂದಿಲ್ಲ. ಬಿಸಲು ಏರಿದ ಮ್ಯಾಲೆ ಕೊಯ್ದ್ರೂ ಬರೇ ನಾಕು ಕಾಣ್ತಾವು. ಅವು ಬ್ಯಾರೆ ಆಗೂದು ನಸುಕಿನ್ಯಾಗ ಭಾಳ."

'ಅವು' ಎಂದರೆ ಜೀವಕೋಶಗಳು. ಅಣ್ಣತಮ್ಮಂದಿರು ಬೇರೆ ಒಲೆ ಹೂಡುವಂತೆ ಒಂದು ಕೋಶ ಎರಡಾಗುವುದನ್ನು ಹತ್ತನೆಯ ಇಯತ್ತೆಯ ನಲವತ್ತೆರಡು ಮಕ್ಕಳು ನಾಳೆ ಶಾಲೆಯ ಒಂದೇ ಒಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದಕ್ಕಾಗಿ ಗುರುಬಸವ್ವ ಅರವತ್ತು ಗಾಜಿನ ಪಟ್ಟಿಗಳನ್ನು ಸಿದ್ಧಮಾಡುತ್ತಾಳೆ. ಕೊಯ್ದ ತುದಿಗಳು ಒಂದು ದಿನ ಔಷಧದ ಬಾಟಲಿಯಲ್ಲಿ ನೆನೆಯಬೇಕು. ಆಮೇಲೆ ಆಮ್ಲದಲ್ಲಿ ತುಸು ಬೆಚ್ಚಗಾಗಬೇಕು, ಕೆಂಪು ಬಣ್ಣ ಕುಡಿಯಬೇಕು. ಕೊನೆಗೆ ಎರಡು ಗಾಜಿನ ನಡುವೆ ಇಟ್ಟು ಹೆಬ್ಬೆರಳಿನಿಂದ ನೆಟ್ಟಗೆ ಒತ್ತಬೇಕು. ಬೆರಳು ಎಳ್ಳಷ್ಟು ಜಾರಿದರೂ ಎಲ್ಲ ಕಲಸಿಹೋಗುತ್ತದೆ. ಅರವತ್ತರಲ್ಲಿ ಇಪ್ಪತ್ತು ಚೆನ್ನಾಗಿ ಬಂದರೆ ಆ ದಿನ ಹಬ್ಬ. ಐದು ವರ್ಷದಿಂದ ಆಕೆಯ ಬಲಗೈ ಹೆಬ್ಬೆರಳು ಕೆಂಪಗೇ ಇದೆ.

ಗಂಡ ಸಾತಪ್ಪ ಗಿರಣಿಯ ಬಿದಿರಿನ ಅಂಗಳದಲ್ಲಿ ದುಡಿಯುತ್ತಾನೆ. ಗಿರಣಿ ಶುರುವಾದ ಹೊಸದರಲ್ಲೇ ಕಲಘಟಗಿ ಕಡೆಯಿಂದ ಬಂದ ಸಂಸಾರ. "ನಮ್ಮನ್ಯಾಗ ಉಳ್ಳಾಗಡ್ಡಿಗೆ ಇರೂ ಮರ್ಯಾದಿ ನನಗಿಲ್ಲ" ಎಂದು ಅವನು ದೂರುತ್ತಾನೆ. ಸಂತೆಯಲ್ಲಿ ಆಕೆ ಬೇರು ಬರುವಂಥವನ್ನು ಆರಿಸಿ ಶಾಲೆಗೆ ಎತ್ತಿಟ್ಟು, ಉಳಿದದ್ದನ್ನು ಅವನ ಪಲ್ಯಕ್ಕೆ ಹಾಕುತ್ತಾಳೆ.

ಕೋಶಗಳು ಯಾಕೆ ಚಿಕ್ಕವಾಗಿಯೇ ಇರುತ್ತವೆ ಎಂಬ ಪಾಠಕ್ಕೂ ಅವಳದೇ ಕೈ. ವಿಜ್ಞಾನದ ಮಾಸ್ತರರಾದ ಅಂದಾನೆಪ್ಪನವರು ಹೇಳಿದಂತೆ ಬಟಾಟೆಯಲ್ಲಿ ಚೌಕ ತುಂಡು ಕೊಯ್ದು ಶಾಯಿಯಲ್ಲಿ ಮುಳುಗಿಸುತ್ತಾಳೆ. ಗಳಿಗೆಯ ನಂತರ ಸೀಳಿದರೆ, ಸಣ್ಣ ತುಂಡು ಒಳಗಿನವರೆಗೂ ನೀಲಿ; ದೊಡ್ಡದರ ಹೊಟ್ಟೆ ಬೆಳ್ಳಗೆ. ತುಂಡಿನ ಉದ್ದಗಲ ಎತ್ತರ ಇಮ್ಮಡಿಯಾದರೆ ಮೈ ನಾಲ್ಕು ಪಟ್ಟಾಗುತ್ತದೆ, ಹೊಟ್ಟೆ ಎಂಟು ಪಟ್ಟಾಗುತ್ತದೆ. ಅಷ್ಟು ದೊಡ್ಡ ಹೊಟ್ಟೆಗೆ ಅಷ್ಟು ಮೈಯಿಂದ ಅನ್ನ ನೀರು ಸಾಲದು ಎಂದು ಮಾಸ್ತರರು ಹಲಗೆಯ ಮೇಲೆ ಲೆಕ್ಕ ಬರೆಯುತ್ತಾರೆ. ಗುರುಬಸವ್ವನಿಗೆ ಲೆಕ್ಕ ಬೇಕಾಗಿಲ್ಲ. "ದೊಡ್ಡ ಕಡಬು ಕಟ್ಟಿದ್ರ ಒಳಗ ಹಿಟ್ಟು ಹಸೀನ ಉಳಿತೈತಿ. ಅದಕ್ಕ ಅವು ಶಾಣ್ಯಾ ಅದಾವು. ಹೊಟ್ಟಿಗೆ ಸಾಲದಂಗ ಆಗೂದ್ರೊಳಗ ಎರಡ ಆಗ್ತಾವು."

ಇಷ್ಟು ಬಲ್ಲವಳು ಮೊದಲ ಎರಡು ವರ್ಷ ಆ ಸೂಕ್ಷ್ಮದರ್ಶಕಕ್ಕೆ, ಅವಳ ಬಾಯಲ್ಲಿ 'ದುರ್ಬೀನಿ'ಗೆ, ಕಣ್ಣು ಹಚ್ಚಿರಲಿಲ್ಲ. ಮಾಸ್ತರರು ಕರೆದರೆ ಕಸಬರಿಗೆ ಹಿಡಿದು ಹೊರಗೆ ಹೋಗುತ್ತಿದ್ದಳು.

ಆಕೆಗೊಬ್ಬಳು ಮಗಳಿದ್ದಳು, ಶಿವವ್ವ. ಆರು ವರ್ಷದ ಹಿಂದೆ, ಹನ್ನೊಂದನೆಯ ವಯಸ್ಸಿನಲ್ಲಿ, ಹುಡುಗಿಯ ಮೊಣಕಾಲ ಮೇಲೆ ಒಂದು ಗಂಟು ಎದ್ದಿತು. ಊರಿನ ಡಾಕ್ಟರು ಮುಟ್ಟಿ ನೋಡಿ, ತಡಮಾಡದೆ ಹುಬ್ಬಳ್ಳಿಗೆ ಒಯ್ಯಿರಿ, ಕೊಯ್ಯಬೇಕಾದೀತು ಎಂದರು. ಗುರುಬಸವ್ವ ಅದಾಗಲೇ ಹರಕೆ ಹೊತ್ತಿದ್ದಳು. ಕಾಲಿನ ಅಳತೆಯ ದಾರವನ್ನು ಉಳವಿಯ ಚನ್ನಬಸವಣ್ಣನ ಪಾದಕ್ಕೆ ಮುಟ್ಟಿಸುವ ತನಕ ಮಗಳ ಮೈಗೆ ಕಬ್ಬಿಣ ತಾಗಿಸುವುದಿಲ್ಲ ಎಂದು. ಯಾವ ಸ್ವಾಮಿಗಳೂ ಹಾಗೆ ಹೇಳಿರಲಿಲ್ಲ. ಮಾತು ಅವಳದೇ. ಆದರೆ ಅದು ಮುಂಗಾರಿನ ಕಾಲ. ಹಳ್ಳಗಳು ತುಂಬಿ, ಜೊಯಿಡಾದಿಂದ ಮುಂದೆ ಉಳವಿಗೆ ಬಸ್ಸಿರಲಿಲ್ಲ. ಮಳೆ ಹಿಂದೆಗೆಯಲಿ ಎಂದು ಕಾದಳು. ಸೋಮವಾರಕ್ಕೊಮ್ಮೆ ಮೊಣಕಾಲಿಗೆ ದಾರ ಸುತ್ತಿ, ಅಳತೆ ಮುಟ್ಟಿದಲ್ಲಿ ಒಂದು ಗಂಟು ಹಾಕುತ್ತಿದ್ದಳು. ವಾರ ವಾರವೂ ಹೊಸ ಗಂಟು ಹಳೆಯದನ್ನು ದಾಟಿ ಬೀಳುತ್ತಿತ್ತು.

"ನನ್ನ ಕೂಸು ಹೇಳ್ತಿತ್ತು ರೀ, 'ಬಿಗಿ ಹಿಡಿ ಅವ್ವಾ, ಈ ವಾರ ಕಡಿಮಿ ಆಗೇತಿ ನೋಡು' ಅಂತ. ನಾ ಬಿಗಿ ಹಿಡೀತಿದ್ದೆ. ಹಲ್ಲು ಕಚಕೊಂಡು ಕುಂಡರ್ತಿತ್ತು."

ಒಂಬತ್ತು ಗಂಟಾದ ಮೇಲೆ ಸಾತಪ್ಪ ಹೆಂಡತಿಯ ಮಾತು ಕೇಳದೆ ಮಗಳನ್ನು ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿದ. ಹುಬ್ಬಳ್ಳಿಯ ಡಾಕ್ಟರು ಚಿತ್ರ ತೆಗೆಸಿ, ಬೇನೆ ಎದೆಗೂ ಏರಿದೆ ಎಂದರು. ಕೋಶಗಳು ನಿಲ್ಲುವುದನ್ನು ಮರೆತು ಒಂದೇ ಸಮನೆ ಇಬ್ಭಾಗವಾಗುತ್ತ ಹೋಗುವ ರೋಗ ಅದು ಎಂದು ತಿಳಿಸಿ ಹೇಳಿದರು. ದೀಪಾವಳಿಗೆ ಮುಂಚೆಯೇ ಶಿವವ್ವ ಹೋದಳು. ಮರುವರ್ಷ ಗುರುಬಸವ್ವ ಶಾಲೆಯ ಕೆಲಸಕ್ಕೆ ಸೇರಿದಳು. ಕಸ ಗುಡಿಸಲು ಬಂದವಳ ಕೈಗೆ ಮಾಸ್ತರರು ಉಳ್ಳಾಗಡ್ಡಿ ಕೊಟ್ಟರು.

ಮೂರನೆಯ ವರ್ಷ, ಮಕ್ಕಳೆಲ್ಲ ಮನೆಗೆ ಹೋದ ಒಂದು ಸಂಜೆ, ಆಕೆ ತಾನಾಗಿಯೇ ಕಣ್ಣು ಹಚ್ಚಿದಳು. ಸಣ್ಣ ಸಣ್ಣ ಕೋಣೆಗಳು. ಒಂದರ ಒಳಗೆ ಕೆಂಪು ಎಳೆಗಳು ನಡುಮನೆಯಲ್ಲಿ ಸಾಲಾಗಿ ನಿಂತಿದ್ದವು. ಪಕ್ಕದ್ದರಲ್ಲಿ ಅವೇ ಎಳೆಗಳು ಸಮಪಾಲಾಗಿ ಆಚೆಗೊಂದು ಈಚೆಗೊಂದು ಗುಂಪಾಗಿ ಸರಿದಿದ್ದವು. ಇನ್ನೊಂದರ ನಡುವೆ ಗೋಡೆ ಎದ್ದಿತ್ತು. ಬಹಳ ಹೊತ್ತು ನೋಡಿ ಆಕೆ ಕೇಳಿದ್ದು ಒಂದೇ ಮಾತು. ಆ ಒಂಬತ್ತು ವಾರ ತಾನು ಕಾಯದಿದ್ದರೆ ಕೂಸು ಉಳಿಯುತ್ತಿತ್ತೇ?

ಅಂದಾನೆಪ್ಪನವರು ಕನ್ನಡಕ ತೆಗೆದು ಒರೆಸುತ್ತ ಹೇಳಿದರಂತೆ. "ಉಳಿತಿತ್ತು ಅಂದ್ರೂ ಸುಳ್ಳು ಹೇಳಿದಂಗಾಗ್ತೈತಿ, ಇಲ್ಲ ಅಂದ್ರೂ ಸುಳ್ಳು ಹೇಳಿದಂಗಾಗ್ತೈತಿ, ಯವ್ವಾ. ನಿನ್ನ ದಾರ ಅಳದದ್ದು ಹೊರಗಿಂದು. ಒಳಗ ಅದು ಯಾವಾಗಿಂದ ಬೆಳೀತಿತ್ತೋ ಯಾರು ನೋಡ್ಯಾರ?"

ಆ ಉತ್ತರವನ್ನೇ ಆಕೆ ಇಂದಿಗೂ ಮಗ್ಗುಲಲ್ಲಿ ಇಟ್ಟುಕೊಂಡು ಮಲಗುತ್ತಾಳೆ. ದಾರವಿನ್ನೂ ಟ್ರಂಕಿನಲ್ಲಿದೆ. ಉಳವಿಗೆ ಹೋಗಿಲ್ಲ. ದೇವರ ಮೇಲೆ ಸಿಟ್ಟಲ್ಲ, ಯಾವ ಮುಖ ಹೊತ್ತು ಹೋಗಲಿ ಎಂಬ ನಾಚಿಕೆ.

ಈಗ ಗಿರಣಿಯ ಚಾಳಿನಲ್ಲಿ ಯಾರ ಮೈಮೇಲೆ ಗಂಟು ಎದ್ದರೂ ಗುರುಬಸವ್ವ ಬಾಗಿಲಲ್ಲಿ ನಿಲ್ಲುತ್ತಾಳೆ. ಹೋದ ತಿಂಗಳು ನೆರೆಮನೆಯ ಕಾಶೆವ್ವ ಕಂಕುಳ ಗಂಟಿಗೆ ಸುಣ್ಣ ಬೆಲ್ಲ ಮೆತ್ತಿಕೊಂಡು ಕುಳಿತಿದ್ದಳು. ಅಮಾವಾಸ್ಯೆ ಕಳೆಯಲಿ ಎಂದರೂ ಬಿಡದೆ ಗುರುಬಸವ್ವ ಅವಳನ್ನು ಮೊದಲ ಬಸ್ಸಿಗೇ ಧಾರವಾಡದ ದವಾಖಾನೆಗೆ ಎಳೆದೊಯ್ದಳು. ಡಾಕ್ಟರು ಅದನ್ನು ಕೊಯ್ದು ತೆಗೆದು, ಬರಿಯ ಕೊಬ್ಬಿನ ಗಂಟು ಎಂದು ನಕ್ಕರು. ಕಾಶೆವ್ವನ ಬಾಯಿಗಂತೂ ಬಿಡುವೇ ಇಲ್ಲ. "ಧಾರವಾಡದ ಫೇಡೆ ತಿನ್ನೂ ಆಸೆಕ್ಕ ನನ್ನ ಕಂಕಳಾ ಕೊಯ್ಸಿದಳು ಈ ಕೆಂಪ ಬೆರಳಿನಾಕಿ." ಹೀಗೆ ಕರೆದೊಯ್ದದ್ದು ಏಳು ಮಂದಿಯನ್ನು. ಏಳೂ ಏನೂ ಅಲ್ಲದ ಗಂಟುಗಳು. ನಲ್ಲಿಯ ಹತ್ತಿರ ಹೆಂಗಸರು ಅವಳನ್ನು ಕಂಡರೆ ಕೈಕಾಲು ಮುಚ್ಚಿಕೊಂಡು ನಗುತ್ತಾರೆ.

ಭೋಂಗಾ ಕೂಗುತ್ತದೆ. ಕೊನೆಯ ತುದಿಯನ್ನು ಬಾಟಲಿಗೆ ಹಾಕಿ ಬಿರಡೆ ಒತ್ತುತ್ತಾಳೆ. ಅವರು ನಕ್ಕರೆ ಬೇಸರವಿಲ್ಲವೇ ಎಂದು ಕೇಳಿದರೆ, ಕೆಂಪು ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ. ಬಣ್ಣ ಹೋಗುವುದಿಲ್ಲ.

"ನಗಲಿ ಬಿಡ್ರಿ, ನಗಾಕ ಅವರು ಅದಾರಲ್ಲ. ಎಂಟನೇದಾಕಿ ಮನ್ಯಾಗೂ ನನ್ನ ಅಂಜಿಕಿ ಸುಳ್ಳಾಗಲಿ. ಆಗ ಉಳವಿಗೆ ಹೋಗೂ ಮುಖ ಬರ್ತೈತೇನೋ, ನೋಡೂಣು."