ತೊಂಬತ್ತು ನಂಬರಿನ ಎಣ್ಣೆ

ಜೀಪಿಗೆ ಏನಾಗಿದೆ ಎಂದು ಬಾಯಲ್ಲೇ ಸದ್ದು ಮಾಡಿ ತೋರಿಸುವ ಚಟ ನಮ್ಮಪ್ಪನಿಗೆ. ಕೂಡ್ಲಿಗಿಯ ಗ್ಯಾರೇಜಿನಲ್ಲಿ ಇಳಿಯುವ ಮೊದಲೇ ‘ಗೊಂಯ್’ ಎಂದೋ ‘ಕಟಕಟ’ ಎಂದೋ ನುಡಿಸುತ್ತಿದ್ದ. ಮೆಕ್ಯಾನಿಕ್ ಸಾಬರೂ ಅದನ್ನು ಕೇಳದೆ ಪಾನಾ ಮುಟ್ಟುತ್ತಿರಲಿಲ್ಲ.

ಅಪ್ಪನದು ಬೋರ್‌ವೆಲ್ಲಿನಿಂದ ಕೆಟ್ಟ ಮೋಟರ್ ಎತ್ತುವ ಕೆಲಸ. ಪೈಪು, ಸರಪಳಿ ಹೇರಿಕೊಂಡು ಗುಡೇಕೋಟೆ ಕಡೆಯ ಕಲ್ಲುಹೊಲ ಹತ್ತಬೇಕಾದರೆ ನಾಲ್ಕೂ ಚಕ್ರ ಎಳೆಯುವ ಆ ಹಳೇ ಜೀಪೇ ಬೇಕು. ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಕಬ್ಬಿಣದ ಪೆಟ್ಟಿಗೆಯೊಂದು ಅದರ ಅಡಿಯಲ್ಲಿತ್ತು, ಟ್ರಾನ್ಸ್‌ಫರ್ ಕೇಸು. ಮಗಳು ನಾನು ಉಂಡೆನೋ ಇಲ್ಲವೋ, ಅದಕ್ಕೆ ಮಾತ್ರ ಕಾಲಕಾಲಕ್ಕೆ ಹೊಸ ಎಣ್ಣೆ ಬೀಳಲೇಬೇಕು.

ತೊಂಬತ್ತರ ದಶಕದ ಕೊನೆಗೆ, ನಾನು ಜೀಪು ಓಡಿಸಲು ಕಲಿತ ವರ್ಷವೇ, ಅಪ್ಪನ ಕಿವಿ ಮಂದವಾಯಿತು. ಒಪ್ಪಿಕೊಳ್ಳುವ ಆಸಾಮಿಯೇ? ನೀವೇ ಪಿಸುಗುಟ್ಟುತ್ತೀರಿ ಎಂದು ನಮಗೇ ಬೈಯುತ್ತಿದ್ದ. ಅವ್ವ ಖಂಡತುಂಡವಾಗಿ ಹೇಳಿದ್ದಳು: “ಕಿವಿ ಹೋಗಿದ್ದು ಖರೇ ಆದ್ರ ಜೀಪು ಮಾರಿಬಿಡ್ರಿ. ಲಾರಿ ಹಾರ್ನ್ ಕೇಳ್ದಂಗ ರಸ್ತಾಕ ಇಳಿಯೋದು ಬ್ಯಾಡ.” ಅವಳ ಭಯ ಸುಳ್ಳಲ್ಲ. ಆದರೆ ಜೀಪು ಹೋದರೆ ಅಪ್ಪ ಏನಾಗುತ್ತಾನೆ ಎಂಬ ಭಯ ನನ್ನದು.

ಎಣ್ಣೆ ಬದಲಿಸಲು ಹೊರಟ ಬೆಳಿಗ್ಗೆ ದಾರಿಯುದ್ದಕ್ಕೂ ಪೆಟ್ಟಿಗೆ ಗೋಳಾಡುತ್ತಿತ್ತು. ಪಕ್ಕದಲ್ಲಿ ಕೂತ ನನಗದು ಕೇಳುತ್ತಿತ್ತು; ಅಪ್ಪ ಹಾಯಾಗಿ ಎಲೆಅಡಿಕೆ ಜಗಿಯುತ್ತಾ ಓಡಿಸುತ್ತಿದ್ದ.

“ಏನಂತೈತಿ ಅಣ್ಣಾ, ನಿಮ್ ಜೀಪು?” ಸಾಬರು ಎಂದಿನಂತೆ ಕೇಳಿದರು.

“ಏನೂ ಅನ್ನವಲ್ದು ಸಾಬ್ರ. ಎಣ್ಣಿ ಬದಲಿ ಮಾಡ್ರಿ, ಸಾಕು.”

ತಳದ ಕೊಳೆ ಇಳಿಯಬೇಕಾದರೆ ಎಣ್ಣೆ ಬಿಸಿಯಾಗಬೇಕು. ಸಾಬರು ಒಂದು ಸುತ್ತು ಓಡಿಸಿಕೊಂಡು ಬಂದರು. ಇಳಿದವರು ಅಪ್ಪನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

ಅಪ್ಪ ನೀರು ಕುಡಿಯಲು ಹೋದಾಗ ನಾನು ಬೇಡಿಕೊಂಡೆ: “ಸಾಬ್ರ, ನೂರಾ ನಲವತ್ತು ನಂಬರಿನ ಗಟ್ಟಿ ಎಣ್ಣಿ ಹಾಕಿಬಿಡ್ರಿ. ಸದ್ದು ಅಡಗ್ತೈತಂತಲ್ರಿ? ಈ ಸದ್ದು ಅಪ್ಪಗ ಕೇಳಿಲ್ಲಂತ ಅವ್ವಗ ಗೊತ್ತಾದ್ರ ಜೀಪು ಉಳಿಯಂಗಿಲ್ಲ.” ಹಳೇ ಗಾಡಿ ಮಾರುವವರು ನಮ್ಮ ಕಡೆ ಮಾಡುವ ಉಪಾಯವದು.

“ಅಡಗ್ತೈತವ್ವಾ,” ಎಂದರು ಸಾಬರು. “ಆದ್ರ ನಿಮ್ಮಪ್ಪ ಯಾವತ್ತೂ ನನಗ ಸುಳ್ಳು ಸದ್ದು ಹೇಳಿಲ್ಲ. ಅವ್ರ ಗಾಡಿ ಬಾಯಿ ನಾ ಹೆಂಗ ಮುಚ್ಚಲಿ?”

ಮೊದಲು ಎಣ್ಣೆ ತುಂಬುವ ಮೇಲಿನ ನಟ್ಟು ಬಿಚ್ಚಿ, ಆಮೇಲೆ ತಳದ್ದನ್ನು ಬಿಚ್ಚಿದರು. ಕಪ್ಪು ಎಣ್ಣೆ ತಟ್ಟೆಗೆ ಇಳಿಯಿತು. ನೀರು ಕುಡಿದು ಬಂದ ಅಪ್ಪ ಯಾವಾಗಲೂ ಮಾಡುವಂತೆ ಕೂತು, ಬೆರಳದ್ದಿ, ಹೆಬ್ಬೆರಳಿಗೆ ತಿಕ್ಕಿದ. ತಿಕ್ಕುತ್ತಿದ್ದ ಬೆರಳು ನಿಂತಿತು. ಬಿಸಿಲಿಗೆ ಹಿಡಿದರೆ ಕಬ್ಬಿಣದ ಚೂರು ಮಿನುಗುತ್ತಿದ್ದವು.

“ಬೇರಿಂಗ್ ಸವದು ಹೋಗೈತಿ,” ಎಂದ. “ಇದು ಸುಮ್ಮನ ಸವಿಯಂಗಿಲ್ಲ. ಒದರಿರಬೇಕಲ್ಲ?”

ಸಾಬರು ಅರಿವೆಯಲ್ಲಿ ಕೈ ಒರೆಸುತ್ತಾ ನಿಂತರು. ಅಪ್ಪ ನನ್ನ ಕಡೆ ತಿರುಗಿದ. “ಒದರತಿತ್ತೇನವ್ವಾ?”

ಹೌದೆಂದು ತಲೆಯಾಡಿಸಿದೆ. ಅಪ್ಪ ಎದ್ದುಹೋಗಿ ಬೇವಿನ ಗಿಡದ ಕೆಳಗೆ ಕೂತ. ಸಾಬರು ಹೊಸ ಬೇರಿಂಗ್ ಕೂರಿಸಿ ಮುಗಿಸುವತನಕ ಅಲ್ಲಿಂದ ಕದಲಲಿಲ್ಲ.

ಕೊನೆಗೆ ಸಾಬರು ತೊಂಬತ್ತರ ತೆಳು ಎಣ್ಣೆ, ನೂರಾ ನಲವತ್ತರ ಗಟ್ಟಿ ಎಣ್ಣೆ, ಎರಡೂ ಡಬ್ಬಿ ಎತ್ತಿ ತೋರಿಸಿದರು, ಯಾವುದು ಎನ್ನುವಂತೆ. ಅಪ್ಪ ಹತ್ತಿರ ಬಂದ.

“ತೊಂಬತ್ತು ನಂಬರಿಂದs ಹಾಕ್ರಿ. ಗಟ್ಟಿದು ಬ್ಯಾಡ. ಸಣ್ಣ ಸದ್ದಾದ್ರೂ ಕೇಳಬೇಕು.” ಸ್ವಲ್ಪ ತಡೆದು, “ನನಗಲ್ಲ, ಈಕಿಗಿ,” ಎಂದು ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟ.

ಮೇಲಿನ ತೂತಿನಿಂದ ಎಣ್ಣೆ ತೊಟ್ಟಿಕ್ಕುವತನಕ ತುಂಬಿ ನಟ್ಟು ಬಿಗಿದರು. ನಾನು ಸ್ಟೇರಿಂಗ್ ಹಿಡಿದೆ. ಅಪ್ಪ ಮೊದಲ ಸಲ ಎಡಗಡೆ ಕೂತು, ನಡುಕ ತಿಳಿಯಲೆಂದು ಗೇರಿನ ಕೋಲಿನ ಮೇಲೆ ಅಂಗೈ ಇಟ್ಟ. ಊರು ದಾಟಿದ ಮೇಲೆ ಕೇಳಿದ: “ಈಗ ಏನಂತೈತಿ?”

ನಾನು ಜೀಪು ಬದಿಗೆ ನಿಲ್ಲಿಸಿ, ಅವನ ಕಿವಿಗೆ ಬಾಯಿ ಹಚ್ಚಿ, ಗಂಟಲು ಹರಿಯುವಂತೆ ‘ಊಂ...’ ಎಂದೆ.

“ಹಾಂ,” ಎಂದ ಅಪ್ಪ. “ಹಂಗs ಇರಬೇಕು. ನಡಿ.”